ಗ್ಯಾಸ್ ಗೀಸರ್ ಬಿಚ್ಚಿದೆ, ಹೀಟ್ ಪಂಪ್ ಕೂರಿಸಿದೆ: ನಮ್ಮ ಬಚ್ಚಲಿನ ಒಂದು ವರ್ಷದ ಲೆಕ್ಕ

2024ರ ನವೆಂಬರ್, ಮೂರನೇ ವಾರ, ಬೆಳಿಗ್ಗೆ ಆರೂವರೆ. ಅಮ್ಮ ತಲೆಗೆ ಸೀಗೆಪುಡಿ ಹಚ್ಚಿಕೊಂಡು ಬಚ್ಚಲಲ್ಲಿ ಕೂತಿದ್ದರು. ನಲ್ಲಿಯಲ್ಲಿ ಬರುತ್ತಿದ್ದ ಬಿಸಿನೀರು ಪಟ್ಟನೆ ತಣ್ಣಗಾಯಿತು. ಚಿಕ್ಕಬಳ್ಳಾಪುರದಲ್ಲಿ ಆ ಹೊತ್ತಿಗೆ ತಾರಸಿ ಮೇಲಿನ ಸಿಂಟೆಕ್ಸ್ ನೀರು ಹೇಗಿರುತ್ತದೆ ಅಂತ ಇಲ್ಲಿಯವರಿಗೆ ಹೇಳಬೇಕಿಲ್ಲ, ಬೆರಳು ಇಟ್ಟರೆ ಜುಮ್ಮೆನ್ನುತ್ತದೆ. ಒಳಗಿಂದ ಕೂಗು ಬಂತು. "ನಿನ್ನ ಗ್ಯಾಸು ಹೋಯ್ತು ನೋಡೋ! ಹಂಡೆ ತೆಗೀಬೇಡ ಅಂದ್ರೆ ಕೇಳಿದ್ಯಾ?"

ಕೇಳಿರಲಿಲ್ಲ. ಐದು ವರ್ಷದ ಹಿಂದೆ ಮನೆ ರಿಪೇರಿ ಮಾಡಿಸಿದಾಗ ತಾಮ್ರದ ಹಂಡೆಯನ್ನು ಒಲೆಯ ಸಮೇತ ಹಿತ್ತಲಿಗೆ ಹಾಕಿಸಿದ್ದೆ. ಅದರ ಜಾಗಕ್ಕೆ ಆರು ಲೀಟರಿನ ಗ್ಯಾಸ್ ಗೀಸರ್ ಬಂತು. ಹಾಕಲು ಬಂದವನು ಸೀದಾ ಬಚ್ಚಲೊಳಗೇ ಗೋಡೆಗೆ ಹೊಡೆದು ಹೋದ. ನಾನೂ ಸುಮ್ನೆ ನೋಡುತ್ತ ನಿಂತಿದ್ದೆ. ಒಂದು ವಾರ ಆಗಿರಬೇಕು, ಹೆಂಡತಿ ಸ್ನಾನ ಮುಗಿಸಿ ಹೊರಗೆ ಬಂದವಳು ತಲೆ ಸುತ್ತುತ್ತಿದೆ ಅಂತ ಗೋಡೆ ಹಿಡಿದು ಕೂತಳು, ವಾಂತಿ ಮಾಡಿದಳು. ಅವತ್ತು ಕಿಟಕಿ ಮುಚ್ಚಿತ್ತು. ಗ್ಯಾಸ್ ಸರಿಯಾಗಿ ಉರಿಯದಿದ್ದರೆ ಹುಟ್ಟುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಸಿಲಿಂಡರ್ ಸೋರಿದರೆ ಮೂಗಿಗೆ ಬಡಿಯುತ್ತದಲ್ಲ, ಅದು ಬೇಕೆಂದೇ ಬೆರೆಸಿದ ವಾಸನೆ, ಉರಿದ ಮೇಲೆ ಅದೂ ಇರುವುದಿಲ್ಲ. ಈ ವಿಷಗಾಳಿ ರಕ್ತದಲ್ಲಿ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಜಾಸ್ತಿ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಮಾರನೆಯ ದಿನವೇ ಗೀಸರನ್ನು ಹಿತ್ತಲ ಗೋಡೆಯ ಹೊರಗೆ, ಶೀಟಿನ ಕೆಳಗೆ ಹಾಕಿಸಿದೆ. ನಿಮ್ಮ ಮನೆಯಲ್ಲಿ ಇನ್ನೂ ಬಚ್ಚಲೊಳಗೇ ಇದ್ದರೆ ಮುಂದಿನದನ್ನು ಓದುವುದು ಬಿಟ್ಟು ಮೊದಲು ಅದನ್ನು ಹೊರಗೆ ಹಾಕಿಸಿ.

ಸರಿ, ನವೆಂಬರಿಗೆ ಬರೋಣ. ಗೀಸರ್ ಯಾಕೆ ಆರಿಹೋಯಿತು?

ಮೊದಲು ಬಕೆಟ್ ಪರೀಕ್ಷೆ. ಹತ್ತು ಲೀಟರಿನ ಬಕೆಟ್ ಇಟ್ಟು ಫೋನಿನಲ್ಲಿ ಟೈಮ್ ನೋಡಿದೆ. ತುಂಬಲು ಸುಮಾರು ಐದು ನಿಮಿಷ. ಅಂದರೆ ನಿಮಿಷಕ್ಕೆ ಎರಡು ಲೀಟರ್ ಚಿಲ್ಲರೆ. ಪಕ್ಕದ ತಣ್ಣೀರು ನಲ್ಲಿಯಲ್ಲಿ ಅದೇ ಬಕೆಟ್ ಒಂದೂವರೆ ನಿಮಿಷಕ್ಕೆ ತುಂಬಿತು. ಟ್ಯಾಂಕು ಸರಿ ಇದೆ, ಗೀಸರೊಳಗೇ ಎಲ್ಲೋ ಕಟ್ಟಿಕೊಂಡಿದೆ.

ಈ ಗೀಸರಿನ ಒಳಗಿನ ಉಪಾಯ ತುಂಬಾ ಸರಳ. ನೀರು ಹರಿಯುವಾಗ ಒಂದು ರಬ್ಬರ್ ಪೊರೆಯ ಎರಡು ಬದಿಗೂ ಒತ್ತಡದಲ್ಲಿ ವ್ಯತ್ಯಾಸ ಬರುತ್ತದೆ. ಪೊರೆ ಉಬ್ಬಿ ಒಂದು ಪಿನ್ನನ್ನು ತಳ್ಳುತ್ತದೆ. ಆ ಪಿನ್ನು ಗ್ಯಾಸ್ ವಾಲ್ವ್ ತೆರೆಯುತ್ತದೆ, ಒಂದು ಪುಟ್ಟ ಸ್ವಿಚ್ಚನ್ನೂ ಒತ್ತುತ್ತದೆ, ಎರಡು ದಪ್ಪ ಸೆಲ್ಲಿನಿಂದ ಕಿಡಿ ಹಾರುತ್ತದೆ. ನೀರು ಕಮ್ಮಿಯಾದರೆ ಪೊರೆ ಉಬ್ಬುವುದಿಲ್ಲ, ಗ್ಯಾಸೂ ಬರುವುದಿಲ್ಲ. ನೀರಿಲ್ಲದೆ ಬೆಂಕಿ ಉರಿದು ಕೊಳವೆ ಸುಟ್ಟುಹೋಗದಿರಲಿ ಅಂತ ಮಾಡಿದ ವ್ಯವಸ್ಥೆ ಅದು. ಅಮ್ಮನ ತಲೆ ಮೇಲೆ ಸೀಗೆಪುಡಿ ಇದೆಯೋ ಇಲ್ಲವೋ ಅನ್ನುವುದು ಅದಕ್ಕೆ ಸಂಬಂಧವಿಲ್ಲ.

ಸಿಲಿಂಡರ್ ಮುಚ್ಚಿ, ನೀರು ಬಂದ್ ಮಾಡಿ, ಮುಂದಿನ ತಗಡು ಬಿಚ್ಚಿದೆ. ನಾಲ್ಕು ಸ್ಕ್ರೂ. ಪೊರೆ ತೆಗೆದರೆ ಹಳೇ ಚಪ್ಪಲಿ ಅಟ್ಟೆ ಥರ ಬಿರುಸಾಗಿತ್ತು. ಅಂಗಡಿಯಲ್ಲಿ ಅರವತ್ತು ರೂಪಾಯಿಗೆ ಹೊಸದು ಸಿಕ್ಕಿತು. ಆದರೆ ನಿಜವಾದ ತೊಂದರೆ ಅದಲ್ಲ. ತಾಮ್ರದ ಸುರುಳಿಯ ಬಾಯಿಗೆ ಟಾರ್ಚ್ ಬಿಟ್ಟು ನೋಡಿದರೆ ಒಳಗೆಲ್ಲ ಬೆಳ್ಳಗೆ ಸುಣ್ಣ, ಸ್ಟ್ರಾ ತೂರಿಸುವಷ್ಟು ಮಾತ್ರ ಜಾಗ ಉಳಿದಿತ್ತು. ನಮ್ಮದು ಸಾವಿರ ಅಡಿ ದಾಟಿದ ಬೋರ್‌ವೆಲ್ ನೀರು. ನಗರಸಭೆಯವರು ಜಕ್ಕಲಮಡಗು ಜಲಾಶಯದ ನೀರು ಬಿಟ್ಟ ದಿನ ಸಂಪಿಗೆ ಅದೂ ಸೇರುತ್ತದೆ, ಮಿಕ್ಕ ದಿನ ಬೋರೇ ಗತಿ. ಹನಿ ಹಾಕಿ ನೋಡುವ ಕಿಟ್ಟಿನಲ್ಲಿ ಗಡಸುತನ 480 ಪಿಪಿಎಂ ಬಂತು. ಬೇಳೆ ಬೇಯಲ್ಲ ಅಂತ ಹೆಂಡತಿ ಗೊಣಗುವುದು ಸುಮ್ನೆ ಅಲ್ಲ.

ಸುಣ್ಣ ತೆಗೆಯುವುದಕ್ಕೆ ಆಸಿಡ್ ತರಬೇಡಿ. ಬಚ್ಚಲು ತೊಳೆಯುವ ಆಸಿಡ್ ತಾಮ್ರವನ್ನೂ ಬೆಸುಗೆಯನ್ನೂ ತಿನ್ನುತ್ತದೆ. ದಿನಸಿ ಅಂಗಡಿಯಲ್ಲಿ ಸಿಗುವ ನಿಂಬೆ ಉಪ್ಪು ಸಾಕು. ಐದು ಲೀಟರ್ ಬಿಸಿನೀರಿಗೆ ಕಾಲು ಕೇಜಿ ಕರಗಿಸಿದೆ. ಮನೆಯಲ್ಲಿ ಕೆಟ್ಟುಹೋದ ಏರ್ ಕೂಲರ್ ಇತ್ತು, ಅದರ ಪುಟ್ಟ ಪಂಪು ಮಾತ್ರ ಚೆನ್ನಾಗಿತ್ತು. ಪಂಪನ್ನು ಬಕೆಟ್ಟಿಗೆ ಇಳಿಸಿ, ಒಂದು ಪೈಪು ಗೀಸರಿನ ಒಳಬಾಯಿಗೆ, ಹೊರಬಾಯಿಂದ ಇನ್ನೊಂದು ಪೈಪು ವಾಪಸ್ ಬಕೆಟ್ಟಿಗೆ. ಮೊದಲ ಐದು ನಿಮಿಷ ಏನೂ ಆಗಲಿಲ್ಲ. ಆಮೇಲೆ ಸೋಡಾ ಬಾಟ್ಲಿ ಬಿಚ್ಚಿದ ಹಾಗೆ ಬುರುಬುರು ನೊರೆ, ಅದರ ಹಿಂದೆ ಬೂದಿ ಬಣ್ಣದ ಕೆಸರು, ನಡುನಡುವೆ ಮೊಟ್ಟೆ ಚಿಪ್ಪಿನಂಥ ಚೂರುಗಳು ಪೈಪಿನಲ್ಲಿ ಟಕ್ ಟಕ್ ಅಂತ ಬಡಿಯುತ್ತ ಬಂದು ಬಕೆಟ್ಟಿಗೆ ಬೀಳುತ್ತಿದ್ದವು. ಎರಡು ಸಲ ನೀರು ಬದಲಾಯಿಸಿ ಮೂರು ಗಂಟೆ ಓಡಿಸಿದೆ. ಕೊನೆಗೆ ತಳದಲ್ಲಿ ಒಂದು ಲೋಟದಷ್ಟು ಸುಣ್ಣ ಉಳಿದಿತ್ತು. ಮಗಳು ಅದನ್ನು ಒಣಗಿಸಿ ಸ್ಕೂಲಿಗೆ ತಗೊಂಡು ಹೋದಳು.

ಬರ್ನರಿನ ಮೇಲಿನ ತಾಮ್ರದ ರೆಕ್ಕೆಗಳಲ್ಲಿ ಮಸಿ ಇತ್ತು, ಹಲ್ಲುಜ್ಜುವ ಹಳೇ ಬ್ರಷ್ಷಿನಲ್ಲಿ ಉಜ್ಜಿದೆ. ಮಸಿ ಇದೆ ಅಂದರೆ ಬೆಂಕಿಗೆ ಗಾಳಿ ಸಾಲುತ್ತಿಲ್ಲ, ಉರಿ ಹಳದಿಯಾಗಿರುತ್ತದೆ, ಆ ವಿಷಗಾಳಿಯೂ ಆಗಲೇ ಜಾಸ್ತಿ. ಎಲ್ಲ ಜೋಡಿಸಿ, ಗ್ಯಾಸ್ ಕೂಡಿಕೆಗಳಿಗೆಲ್ಲ ಸೋಪಿನ ನೀರು ಬಳಿದು ಗುಳ್ಳೆ ಬರಲ್ಲ ಅಂತ ಖಾತ್ರಿ ಮಾಡಿಕೊಂಡು ಹಚ್ಚಿದೆ. ನಿಮಿಷಕ್ಕೆ ನಾಲ್ಕೂವರೆ ಲೀಟರ್, ಉರಿ ನೀಲಿ. ಒಟ್ಟು ಖರ್ಚು ನೂರೈವತ್ತು ರೂಪಾಯಿ ಒಳಗೆ.

ಇಲ್ಲಿಗೆ ನಿಲ್ಲಿಸಿದ್ದರೆ ಬುದ್ಧಿವಂತ ಅನ್ನಿಸಿಕೊಳ್ಳುತ್ತಿದ್ದೆ.

ಆದರೆ ಗೀಸರ್ ಬಿಚ್ಚಿದ ಮೇಲೆ ತಲೆಯಲ್ಲಿ ಹುಳ ಹೊಕ್ಕಿತು. ಗ್ಯಾಸ್ ಎಷ್ಟು ಕುಡಿಯುತ್ತಿದೆ ಇದು? ಸಂತೆಯಲ್ಲಿ ಈರುಳ್ಳಿ ತೂಗುವ ಎಲೆಕ್ಟ್ರಾನಿಕ್ ತಕ್ಕಡಿ ಗೆಳೆಯನ ಹತ್ತಿರ ಇತ್ತು, ವಾರಕ್ಕೆ ಎರವಲು ತಂದೆ. ಭಾನುವಾರ ಸಿಲಿಂಡರ್ ತೂಗಿ ಬರೆದಿಟ್ಟೆ, ಮುಂದಿನ ಭಾನುವಾರ ಮತ್ತೆ ತೂಗಿದೆ. 3.9 ಕೇಜಿ ಕಮ್ಮಿ. ಆರು ಜನದ ಸ್ನಾನ, ರಾತ್ರಿ ಪಾತ್ರೆಗೆ ಒಂದು ಬಕೆಟ್. ಈ ಲೆಕ್ಕದಲ್ಲಿ 14.2 ಕೇಜಿಯ ಸಿಲಿಂಡರ್ ಇಪ್ಪತ್ತೈದು ದಿನ. ಬೆಂಗಳೂರಿನಲ್ಲಿ ಆಗ 805 ರೂಪಾಯಿ 50 ಪೈಸೆ ಇತ್ತು, ನಮಗೂ ಅದರ ಆಸುಪಾಸೇ. ತಿಂಗಳಿಗೆ 950 ರೂಪಾಯಿ ಬರೀ ಸ್ನಾನಕ್ಕೆ. 2025ರ ಏಪ್ರಿಲ್‌ನಲ್ಲಿ ಮತ್ತೆ 50 ರೂಪಾಯಿ ಏರಿತು.

ಇದೇ ಹೊತ್ತಿಗೆ ಚಿಕಾಗೊ ಹತ್ತಿರ ಇರುವ ಭಾವಮೈದುನ ಫೋನ್ ಮಾಡಿದ್ದ. ಅವನ ಮನೆಯ ನೆಲಮಾಳಿಗೆಯಲ್ಲಿ ಗ್ಯಾಸ್ ಫರ್ನೇಸ್ ಇದೆ. ಅದು ಗ್ಯಾಸ್ ಸುಟ್ಟು ಬಿಸಿಗಾಳಿಯನ್ನು ಕೊಳವೆಗಳಲ್ಲಿ ಮನೆಯೆಲ್ಲ ಊದುತ್ತದೆ. ಅದು ಹಳೆಯದಾಯಿತು, ಹೊಸ ಫರ್ನೇಸೋ ಹೀಟ್ ಪಂಪೋ ಅಂತ ಅವನಿಗೆ ತಲೆನೋವು. ಅವರ ಊರಲ್ಲಿ ಹೊರಗೆ ಮೈನಸ್ ಇಪ್ಪತ್ತಕ್ಕೂ ಇಳಿಯುವುದುಂಟು. ಹೀಟ್ ಪಂಪ್ ಅಂದರೆ ಹೊರಗಿನ ಗಾಳಿಯಿಂದ ಬಿಸಿ ಹೀರಿ ಒಳಗೆ ತರುವ ಯಂತ್ರ, ಹೊರಗೆ ಚಳಿ ಜಾಸ್ತಿಯಾದಷ್ಟೂ ಅದಕ್ಕೆ ಕಷ್ಟ. ಹಾಗಾಗಿ ಅಲ್ಲಿ ಕೆಲವರು ಎರಡನ್ನೂ ಇಟ್ಟುಕೊಳ್ಳುತ್ತಾರಂತೆ, ಸಾಧಾರಣ ಚಳಿಗೆ ಪಂಪು, ಕಡು ಚಳಿಗೆ ಗ್ಯಾಸು. ನಮ್ಮಲ್ಲಿ ಮನೆ ಕಾಯಿಸುವ ಮಾತೇ ಇಲ್ಲ, ಕಂಬಳಿ ಹೊದ್ದರೆ ಮುಗಿಯಿತು. ಆದರೆ ಬಚ್ಚಲ ನೀರಿಗೆ ಅದೇ ಪ್ರಶ್ನೆ ಅಲ್ವಾ ಅನ್ನಿಸಿತು. ಅವನ ಮೈನಸ್ ಇಪ್ಪತ್ತೆಲ್ಲಿ, ಡಿಸೆಂಬರ್ ಬೆಳಗಿನ ಜಾವ ನಮ್ಮ ಹದಿಮೂರು ಡಿಗ್ರಿ ಎಲ್ಲಿ.

ಕೆಲಸ ಮಾಡುವ ರೀತಿ ಫ್ರಿಜ್ಜಿನದೇ. ಫ್ರಿಜ್ಜಿನ ಹಿಂಭಾಗ ಕೈ ಇಟ್ಟರೆ ಬೆಚ್ಚಗಿರುತ್ತದಲ್ಲ, ಒಳಗಿನ ತರಕಾರಿಯಿಂದ ಕಿತ್ತ ಬಿಸಿ ಅದು. ಹೀಟ್ ಪಂಪಿನಲ್ಲಿ ತರಕಾರಿ ಜಾಗದಲ್ಲಿ ಊರ ಗಾಳಿ, ಬೆನ್ನಿನ ಜಾಗದಲ್ಲಿ ನೀರಿನ ಟ್ಯಾಂಕು. ಕರೆಂಟು ಬಿಸಿ ಹುಟ್ಟಿಸುವುದಿಲ್ಲ, ಹೊತ್ತು ಸಾಗಿಸುತ್ತದೆ ಅಷ್ಟೇ. ಒಂದು ಯೂನಿಟ್ ಕರೆಂಟಿಗೆ ಎರಡೂವರೆ ಮೂರು ಯೂನಿಟ್ಟಿನಷ್ಟು ಬಿಸಿ ಬರುತ್ತದೆ. ಮಾರುವವರು ಇದನ್ನು ಸಿಒಪಿ ಅನ್ನುತ್ತಾರೆ, ನಾಲ್ಕು ಅಂತಲೂ ಕಾಗದದಲ್ಲಿ ಹಾಕಿರುತ್ತಾರೆ. ಅದು ಬೇಸಿಗೆ ಗಾಳಿಯ ಲೆಕ್ಕ.

ಈಗ ಬೆಲೆ. ನೀರಿಗೆ ಸೇರುವ ಒಂದು ಯೂನಿಟ್ ಬಿಸಿಗೆ ಗ್ಯಾಸಿನಲ್ಲಿ ಆಗ ಸುಮಾರು ಐದೂವರೆ ರೂಪಾಯಿ ಬೀಳುತ್ತಿತ್ತು. ಒಂದು ಕೇಜಿ ಗ್ಯಾಸಿನಲ್ಲಿ 12.8 ಯೂನಿಟ್ ಶಾಖ ಇದೆ, ಗೀಸರ್ ಅದರಲ್ಲಿ ನೂರಕ್ಕೆ ಎಂಬತ್ತು ಹಿಡಿಯುತ್ತದೆ ಅಂತ ಇಟ್ಟುಕೊಂಡೆ. ಸಾದಾ ಕರೆಂಟ್ ಗೀಸರಿಗೆ ಬೆಸ್ಕಾಂ ದರ ಆಗ 5.90, ತೆರಿಗೆ ಸೇರಿ ಆರೂವರೆ ಹತ್ತಿರ. ಹೀಟ್ ಪಂಪಿಗೆ ಎರಡೂಕಾಲು. ನೋಡಿದರೆ ಪಂಪೇ ಗೆದ್ದಂತೆ. ಆದರೆ ಕರ್ನಾಟಕದಲ್ಲಿ ಇನ್ನೊಂದು ಲೆಕ್ಕ ಇದೆ, ಅದನ್ನು ಅಂಗಡಿಯವರು ಯಾರೂ ಹೇಳಲಿಲ್ಲ.

ಗೃಹಜ್ಯೋತಿ. 2022-23ರಲ್ಲಿ ನಮ್ಮ ಸರಾಸರಿ ಬಳಕೆ 128 ಯೂನಿಟ್. ಅದಕ್ಕೆ ನೂರಕ್ಕೆ ಹತ್ತು ಸೇರಿಸಿ 141 ಯೂನಿಟ್ ನಮಗೆ ಉಚಿತ. ಅದಕ್ಕಿಂತ ಜಾಸ್ತಿ ಉರಿಸಿದರೆ ಜಾಸ್ತಿ ಆದಷ್ಟಕ್ಕೆ ದುಡ್ಡು. 200 ದಾಟಿದರೆ ಮಾತ್ರ ಪೂರ್ತಿ ಬಿಲ್ಲು, ಮೊದಲ ಯೂನಿಟ್ಟಿನಿಂದ, ನಿಗದಿತ ಶುಲ್ಕವೂ ಸೇರಿ. ಕಾಗದ ಪೆನ್ನು ಹಿಡಿದು ಕೂತೆ. 198 ಯೂನಿಟ್ ಬಂದರೆ 57 ಯೂನಿಟ್ಟಿಗೆ 370 ರೂಪಾಯಿ ಹತ್ತಿರ. 203 ಬಂದರೆ ಸಾವಿರದ ಆರುನೂರು ಮೀರುತ್ತದೆ. ಐದು ಯೂನಿಟ್ಟಿಗೆ ಸಾವಿರದ ಮುನ್ನೂರು! ಮನೆಯ ಮಾಮೂಲಿ ಬಳಕೆ 130ರಿಂದ 135. ಸಾದಾ ಗೀಸರ್ ಹಾಕಿದರೆ ಅದೇ ತಿಂಗಳಿಗೆ 170 ನುಂಗುತ್ತದೆ, ಮಾತೇ ಇಲ್ಲ. ಹೀಟ್ ಪಂಪು ದಿನಕ್ಕೆ ಎರಡು ಯೂನಿಟ್ಟಿನೊಳಗೆ ಇದ್ದರೆ ಬಚಾವ್, ಎರಡೂವರೆ ಆದರೆ ಸತ್ತೆವು. ಇಡೀ ಕಥೆ ಆ ಅರ್ಧ ಯೂನಿಟ್ಟಿನ ಮೇಲೆ ನಿಂತಿತ್ತು.

ಸೋಲಾರ್ ಯಾಕೆ ಬೇಡ ಅಂತ ಕೇಳುತ್ತೀರಿ. ಇತ್ತು. ಗಾಜಿನ ಕೊಳವೆಗಳಲ್ಲೂ ಇದೇ ಸುಣ್ಣ ಕಟ್ಟಿ ಎರಡು ಒಡೆದವು, ಆಮೇಲೆ ದಕ್ಷಿಣದ ಸೈಟಿನಲ್ಲಿ ಮೂರಂತಸ್ತಿನ ಮನೆ ಎದ್ದು ಬಿಸಿಲೇ ಹೋಯಿತು. ಬಿಸಿಲು ಬೀಳುವ ತಾರಸಿ ನಿಮಗಿದ್ದರೆ ಸೋಲಾರೇ ಹಾಕಿಸಿ, ಮೂರನೇ ಒಂದು ಭಾಗದ ದುಡ್ಡಿಗೆ ಮುಗಿಯುತ್ತದೆ.

ಡಿಸೆಂಬರ್ ಎರಡನೇ ವಾರ 200 ಲೀಟರಿನ ಹೀಟ್ ಪಂಪ್ ಬಂತು. 1,08,000 ರೂಪಾಯಿ, ಪ್ಲಂಬಿಂಗ್ ಬೇರೆ. ಖಾಲಿ ತೂಕ 95 ಕೇಜಿ. ಟೆಂಪೋದಿಂದ ಇಳಿಸಿ, ನಾಲ್ಕು ಜನ ಹಗ್ಗ ಕಟ್ಟಿ, ಮೆಟ್ಟಿಲ ತಿರುವಿನಲ್ಲಿ ಗೋಡೆಯ ಬಣ್ಣ ಕೆತ್ತಿಕೊಂಡು ತಾರಸಿಗೆ ಏರಿಸಿದ್ದಾಯಿತು. ಮಲಗಿಸಿ ಸಾಗಿಸಬಾರದು, ಕಂಪ್ರೆಸರಿನ ಎಣ್ಣೆ ಹರಿದು ಕೊಳವೆಗೆ ಹೋಗುತ್ತದೆ, ಮಲಗಿಸಿದ್ದರೆ ನಿಲ್ಲಿಸಿ ಒಂದು ದಿನ ಬಿಟ್ಟು ಚಾಲೂ ಮಾಡಬೇಕು. ನೀರು ತುಂಬಿದರೆ ಮುನ್ನೂರು ಕೇಜಿ, ಹಾಗಾಗಿ ತೊಲೆ ಹಾದುಹೋದ ಜಾಗ ನೋಡಿ ಕೂರಿಸಿದೆವು. ಬಿಸಿನೀರಿನ ಪೈಪು ಸಿಪಿವಿಸಿ. ಸಾದಾ ಪಿವಿಸಿ ಬಿಸಿಗೆ ಮೆತ್ತಗಾಗಿ ಜೋತು ಬೀಳುತ್ತದೆ. ತಣ್ಣೀರಿನ ಬಾಯಿಗೆ ನಾನ್ ರಿಟರ್ನ್ ವಾಲ್ವ್, ಪ್ರೆಷರ್ ವಾಲ್ವಿನ ಬಾಯಿಂದ ಕೆಳಕ್ಕೆ ಒಂದು ಪೈಪು. ಇಷ್ಟರಲ್ಲಿ ಯಾವ ಎಡವಟ್ಟೂ ಆಗಲಿಲ್ಲ.

ಎಡವಟ್ಟು ಮಾಡಿದ್ದು ಜಾಗದಲ್ಲಿ. ಮಾಡಿದವನು ನಾನೇ.

ತಾರಸಿಯಲ್ಲಿ ಮಳೆ, ಬಿಸಿಲು, ಮೇಲಿಂದ ಕೋತಿಗಳು. ನಮ್ಮ ಬೀದಿಯ ಕೋತಿಗಳು ಡಿಶ್ ಆಂಟೆನಾದ ವೈರನ್ನೇ ಬಿಟ್ಟಿಲ್ಲ. ಲಕ್ಷ ರೂಪಾಯಿಯ ಮಾಲು ಬಯಲಲ್ಲಿ ಯಾಕೆ ಅಂತ ಮೆಟ್ಟಿಲ ಮೇಲಿನ ಪುಟ್ಟ ಕೋಣೆಯಲ್ಲಿ ಇಡಿಸಿದೆ. ಎರಡು ಮೀಟರ್ ಅಗಲ, ಎರಡೂವರೆ ಉದ್ದ. ಕಬ್ಬಿಣದ ಬಾಗಿಲು, ಬೀಗ. ನೋಡಲು ದೇವರ ಗುಡಿ ಥರ ಇತ್ತು.

ಮೊದಲ ದಿನದ ಮೀಟರ್ 3.4 ಯೂನಿಟ್. ಎರಡನೇ ದಿನ 3.5. ವೈರಿಗೆ ಒಂದು ಪುಟ್ಟ ಸಬ್ ಮೀಟರ್ ಹಾಕಿಸಿದ್ದೆ, ಅದೊಂದೇ ಒಳ್ಳೆಯ ಕೆಲಸ. ಹಾಕಿಸದಿದ್ದರೆ ತಿಂಗಳ ಕೊನೆಗೆ ಬಿಲ್ಲು ಬಂದಾಗಲೇ ತಿಳಿಯುತ್ತಿತ್ತು. ಲೆಕ್ಕ ಹಾಕಿದೆ. ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಏರಿಸಲು 1.16 ವಾಟ್-ಅವರ್ ಬೇಕು. 200 ಲೀಟರನ್ನು 28ರಿಂದ 52ಕ್ಕೆ ಏರಿಸಲು 5.6 ಯೂನಿಟ್ ಬಿಸಿ. ಅದಕ್ಕೆ 3.4 ಯೂನಿಟ್ ಕರೆಂಟು ತಿಂದರೆ ಸಿಒಪಿ 1.65. ನಾಲ್ಕು ಅಂತ ಬರೆದುಕೊಂಡು ಬಂದ ಯಂತ್ರ!

ಮೊದಲು ಸಂಶಯ ಬಂದದ್ದು ಒಳಗಿರುವ ಕಾಯಿಲ್ ಮೇಲೆ. ಇಂಥ ಯಂತ್ರಗಳಲ್ಲಿ ಬೇಗ ಕಾಯಿಸಲಿ ಅಂತ ಒಂದು ಸಾದಾ ಹೀಟರ್ ಕಾಯಿಲನ್ನೂ ಇಟ್ಟಿರುತ್ತಾರೆ, ಆಟೋ ಮೋಡಿನಲ್ಲಿ ಅದೂ ಸದ್ದಿಲ್ಲದೆ ಸೇರಿಕೊಳ್ಳುತ್ತದೆ. ನೋಡಿದರೆ ಎಕೋ ಮೋಡೇ ಇತ್ತು, ಕಾಯಿಲ್ ಮುಟ್ಟಿರಲಿಲ್ಲ. ಮೂರನೇ ದಿನ ಪ್ಲಂಬರ್ ಉಳಿದ ದುಡ್ಡಿಗೆ ಬಂದ. ಯಂತ್ರ ಓಡುತ್ತಿತ್ತು. ಬಾಗಿಲು ತೆರೆದವನೇ ಎರಡು ಹೆಜ್ಜೆ ಹಿಂದಕ್ಕೆ ಬಂದು ತೋಳು ಉಜ್ಜಿಕೊಂಡ. "ದೀನಿಕಿ ಗಾಲಿ ಲೇದು ಸಾರ್" ಅಂದ. ಇದಕ್ಕೆ ಗಾಳಿಯೇ ಇಲ್ಲ.

ಒಳಗೆ ಹೋದರೆ ಊಟಿ. ಗೋಡೆಗೆ ತೂಗುಹಾಕಿದ ಥರ್ಮಾಮೀಟರ್ 9 ಡಿಗ್ರಿ ತೋರಿಸುತ್ತಿತ್ತು, ಹೊರಗೆ ಮಧ್ಯಾಹ್ನದ 26. ಪಂಪಿನ ಅಲ್ಯೂಮಿನಿಯಂ ರೆಕ್ಕೆಗಳ ಮೇಲೆ ಫ್ರೀಜರಿನಲ್ಲಿ ಕಟ್ಟುವ ಹಾಗೆ ತೆಳ್ಳಗೆ ಮಂಜು. ಉಗುರಿನಲ್ಲಿ ಕೆರೆದರೆ ಪುಡಿಪುಡಿಯಾಗಿ ಬಂತು. ಬಿಸಿ ಹೀರಿಕೊಂಡು ಪಂಪು ಊದುತ್ತಿದ್ದ ತಣ್ಣನೆ ಗಾಳಿ ಹೋಗಲು ದಾರಿಯಿಲ್ಲದೆ ಸುತ್ತಿ ಬಂದು ಮತ್ತೆ ಅದೇ ಮೂಗಿಗೆ ಸೇರುತ್ತಿತ್ತು. ಹಿಂಡಿದ ಕಬ್ಬಿನ ಸಿಪ್ಪೆಯನ್ನೇ ಮತ್ತೆ ಮತ್ತೆ ಗಾಣಕ್ಕೆ ಕೊಟ್ಟ ಹಾಗೆ. ಸುತ್ತ ಗಾಳಿ ಆಡಬೇಕು ಅಂತ ಅದರ ಪುಸ್ತಕದಲ್ಲೇ ಬರೆದಿತ್ತು. ಓದಿದ್ದೆ ಕೂಡ. ಬಾಗಿಲ ಕೆಳಗೆ ಒಂದು ಬೆರಳು ಸಂದು ಇದೆಯಲ್ಲ, ಸಾಕು ಅಂದುಕೊಂಡಿದ್ದೆ.

ಮುಂದಿನ ಶನಿವಾರ ಕೋರ್ ಕಟ್ಟಿಂಗಿನವನು ಬಂದು ಗೋಡೆಯಲ್ಲಿ ಎಂಟು ಇಂಚಿನ ತೂತು ಕೊರೆದ. ಹತ್ತೇ ನಿಮಿಷದ ಕೆಲಸ, ಆದರೆ ಕೆಂಪು ಕೆಸರು ಮೆಟ್ಟಿಲ ತನಕ ಹರಿಯಿತು. ಯಂತ್ರದ ಗಾಳಿ ಬಿಡುವ ಬಾಯಿಗೆ ಎಂಟು ಇಂಚಿನ ಪಿವಿಸಿ ಪೈಪು ಕೂರಿಸಿ, ಒಂದೇ ಬಗ್ಗಿನಲ್ಲಿ ಹೊರಗೆ ಬಿಟ್ಟೆ. ಬಗ್ಗು ಜಾಸ್ತಿಯಾದಷ್ಟೂ ಫ್ಯಾನಿಗೆ ಉಸಿರುಗಟ್ಟುತ್ತದೆ. ಕಬ್ಬಿಣದ ಬಾಗಿಲ ಕೆಳ ಅರ್ಧ ಕತ್ತರಿಸಿ ಜಾಲರಿ ಬೆಸೆಸಿದೆ. ಹೊರಗಿನ ಪೈಪಿನ ಬಾಯಿಗೂ ಜಾಲರಿ, ಕೋತಿ ಕೈ ಹಾಕದಿರಲಿ ಅಂತ. ಒಟ್ಟು 4,200 ರೂಪಾಯಿ, ದಡ್ಡತನಕ್ಕೆ ಕಟ್ಟಿದ ದಂಡ.

ಭಾನುವಾರದ ಮೀಟರ್ 2.4. ಬೆಳಗಿನ ಜಾವ ಐದಕ್ಕೆ ಓಡಿಸಿದ್ದು. ಎದ್ದ ಹೊತ್ತಿಗೆ ನೀರು ಬಿಸಿ ಇರಬೇಕು ಅಂದರೆ ಬೆಳಗಿನ ಜಾವವೇ ಓಡಿಸಬೇಕು ಅಲ್ವಾ, ಎಲ್ಲರೂ ಹಾಗೇ ಯೋಚಿಸುವುದು. ಆದರೆ 2.4ನ್ನು ತಿಂಗಳಿಗೆ ಗುಣಿಸಿದರೆ 72, ಮನೆಯ 135 ಸೇರಿ 207. ಸಾವಿರದ ಮುನ್ನೂರು ರೂಪಾಯಿಯ ಗೆರೆ ಏಳು ಯೂನಿಟ್ಟಿನಿಂದ ದಾಟಿ ಹೋಯಿತು.

ಆ ರಾತ್ರಿ ನಿದ್ದೆ ಬರಲಿಲ್ಲ ಅಂದರೆ ನಗಬೇಡಿ. ಹೊಳೆದದ್ದು ಸಣ್ಣ ವಿಷಯ. ಈ ಯಂತ್ರದ ಸೌದೆ ಅಂದರೆ ಗಾಳಿಯ ಬಿಸಿ. ನಾನು ದಿನದ ಅತಿ ತಣ್ಣನೆ ಗಾಳಿಯನ್ನು ಆರಿಸಿ ಅದಕ್ಕೆ ತಿನ್ನಿಸುತ್ತಿದ್ದೇನೆ. ನಮ್ಮ ಊರಿನಲ್ಲಿ ಡಿಸೆಂಬರಿನಲ್ಲೂ ಮಧ್ಯಾಹ್ನ ಒಂದು ಗಂಟೆಗೆ ತಾರಸಿ ಮೇಲೆ 26, 27 ಡಿಗ್ರಿ ಇರುತ್ತದೆ. ಬೆಳಗಿನ ಜಾವ ಅದರ ಅರ್ಧ. ಹಸಿ ಸೌದೆ ಬಿಟ್ಟು ಒಣ ಸೌದೆ ಹಾಕಬೇಕು ಅಷ್ಟೇ. ಟೈಮರನ್ನು ಮಧ್ಯಾಹ್ನ ಒಂದಕ್ಕೆ ತಿರುಗಿಸಿದೆ. ಮೂರು ಗಂಟೆ ದಾಟುವಷ್ಟರಲ್ಲಿ ಟ್ಯಾಂಕು 52 ಮುಟ್ಟಿತು. ಮಾರನೇ ಬೆಳಿಗ್ಗೆ ಆರಕ್ಕೆ ನೋಡಿದರೆ 48, ರಾತ್ರಿಯೆಲ್ಲ ನಿಂತರೂ ನಾಲ್ಕೇ ಡಿಗ್ರಿ ಇಳಿದಿತ್ತು. ಆ ನಷ್ಟವನ್ನೂ ತುಂಬಿಕೊಂಡು ಮೀಟರ್ ದಿನಕ್ಕೆ 2.0.

ಜನವರಿಯ ಬಿಲ್ಲು 196 ಯೂನಿಟ್. ಮೀಟರ್ ನೋಡಲು ಬಂದವರ ಭುಜದ ಮೇಲಿಂದ ಇಣುಕಿ ನೋಡಿದೆ. ಕೊನೆಯ ಮೂರು ದಿನ ಇಸ್ತ್ರಿ ಪೆಟ್ಟಿಗೆ ಮುಟ್ಟಲು ಯಾರಿಗೂ ಬಿಟ್ಟಿರಲಿಲ್ಲ.

ದುಡ್ಡಿನ ವಿಷಯ ನೇರವಾಗಿ ಹೇಳುತ್ತೇನೆ. ಚಳಿಗಾಲದಲ್ಲಿ ತಿಂಗಳಿಗೆ ಉಳಿಯುವುದು ಸುಮಾರು ಆರುನೂರು ರೂಪಾಯಿ. ಬೇಸಿಗೆಯಲ್ಲಿ ಟ್ಯಾಂಕಿನ ನೀರೇ ಬೆಚ್ಚಗಿರುತ್ತದೆ, ಉಳಿತಾಯ ಇನ್ನೂ ಕಮ್ಮಿ. ವರ್ಷಕ್ಕೆ ಐದು ಸಾವಿರ ಅನ್ನಿ. ಲಕ್ಷದ ಮೇಲೆ ಹಾಕಿದ ದುಡ್ಡು ಇಪ್ಪತ್ತು ವರ್ಷಕ್ಕೂ ಹುಟ್ಟುವುದಿಲ್ಲ, ಅಷ್ಟರಲ್ಲಿ ಯಂತ್ರವೇ ಇರುತ್ತದೋ ಇಲ್ಲವೋ. ಉಳಿತಾಯಕ್ಕೆ ಅಂತ ಯಾರಾದರೂ ನಿಮಗೆ ಇದನ್ನು ಮಾರಲು ಬಂದರೆ ಟೀ ಕೊಟ್ಟು ಕಳಿಸಿ. ಕರೆಂಟ್ ಗೀಸರಿನಲ್ಲಿ ತಿಂಗಳಿಗೆ ಎರಡು ಸಾವಿರ ದಾಟಿ ಕಟ್ಟುವ ಮನೆಗೆ, ಹಾಸ್ಟೆಲ್ಲಿಗೆ, ಛತ್ರಕ್ಕೆ ಲೆಕ್ಕ ಬೇರೆ. ಮೂರು ಜನದ ಮನೆಗೆ ಗ್ಯಾಸ್ ಗೀಸರೇ ಸರಿ, ಬಚ್ಚಲ ಹೊರಗೆ ಇದ್ದರೆ. ನಾನು ಕೊಂಡಿದ್ದು ಅವತ್ತು ಗೋಡೆ ಹಿಡಿದು ಕೂತ ಹೆಂಡತಿಯ ಮುಖ ನೆನಪಿದ್ದುದಕ್ಕೆ. ಗೀಸರ್ ಹೊರಗೆ ಹೋದ ಮೇಲೂ ಮಕ್ಕಳು ಒಳಗೆ ಹೋಗಿ ಹತ್ತು ನಿಮಿಷವಾದರೆ ಅವಳು ಬಾಗಿಲು ಬಡಿಯುತ್ತಿದ್ದಳು. ಈಗ ಬಡಿಯುವುದಿಲ್ಲ. ಇದಕ್ಕೆ ಯೂನಿಟ್ ದರ ನನಗೆ ಗೊತ್ತಿಲ್ಲ.

ಗ್ಯಾಸ್ ಗೀಸರನ್ನು ಮಾರಲಿಲ್ಲ. ಟಿ ಕೂಡಿಕೆ ಹಾಕಿ ಅದೇ ಗೋಡೆಯಲ್ಲಿ ಉಳಿಸಿಕೊಂಡೆ. ಮಧ್ಯಾಹ್ನ ಕರೆಂಟು ಹೋದರೆ, ನೆಂಟರು ಬಂದು 200 ಲೀಟರ್ ಮುಗಿದರೆ ಅದು. ಕೊನೆಗೆ ನಮ್ಮ ಮನೆಯೂ ಚಿಕಾಗೊ ಮನೆಯ ಹಾಗೇ ಎರಡೆತ್ತಿನ ಬಂಡಿ ಆಯಿತು. ಭಾವಮೈದುನನೂ ಹಾಗೇ ಮಾಡಿದನಂತೆ.

ಆಗಸ್ಟಿನಲ್ಲಿ ಟ್ಯಾಂಕಿನ ಆನೋಡ್ ಬಿಚ್ಚಿ ನೋಡಿದೆ. ಇದು ಟ್ಯಾಂಕಿನೊಳಗೆ ಇಳಿಬಿಟ್ಟ ಮೆಗ್ನೀಸಿಯಂ ಸರಳು. ಟ್ಯಾಂಕಿನ ಉಕ್ಕಿನ ಬದಲು ತಾನು ತುಕ್ಕು ಹಿಡಿದು ಸಾಯುವುದೇ ಅದರ ಕೆಲಸ. ಹೆಬ್ಬೆರಳು ದಪ್ಪ ಇದ್ದದ್ದು ಎಂಟು ತಿಂಗಳಿಗೆ ಇಲಿ ಕಡಿದ ಕಬ್ಬಿನ ಜಲ್ಲೆಯಂತಾಗಿತ್ತು, ನಡುವೆ ಒಂದು ಕಡೆ ಒಳಗಿನ ಕಬ್ಬಿಣದ ಕಡ್ಡಿ ಕಾಣುತ್ತಿತ್ತು. ಉಪ್ಪು ಜಾಸ್ತಿ ಇರುವ ಬೋರ್ ನೀರಿಗೆ ಅದು ಬೇಗ ಕರಗುತ್ತದೆ. ಹೊಸದು ಹಾಕಿದೆ. ನಮ್ಮ ಕಡೆ ಯಾರೇ ಟ್ಯಾಂಕಿನ ಗೀಸರ್ ಇಟ್ಟುಕೊಂಡರೂ ವರ್ಷಕ್ಕೊಮ್ಮೆ ಇದನ್ನು ನೋಡಲೇಬೇಕು. 52ಕ್ಕೆ ನಿಲ್ಲಿಸುವುದೂ ಅದಕ್ಕೇ, ನೀರು ಬಿಸಿಯಾದಷ್ಟೂ ಸುಣ್ಣ ಬೇಗ ಕಟ್ಟುತ್ತದೆ. ಭಾನುವಾರ ಮಾತ್ರ ಒಂದು ಸಲ 60ಕ್ಕೆ ಏರಿಸುತ್ತೇನೆ, ಬೆಚ್ಚಗೆ ನಿಂತ ನೀರಿನಲ್ಲಿ ರೋಗಾಣು ಬೆಳೆಯಬಾರದು ಅಂತ.

ಅಮ್ಮನಿಗೆ ಇದೆಲ್ಲ ಒಪ್ಪಿಗೆ ಇಲ್ಲ. "ಬೆಚ್ಚಗಿದೆ, ಬಿಸಿ ಇಲ್ಲ" ಅನ್ನುವುದು ಅವರ ತೀರ್ಪು. ಹಂಡೆ ನೀರು ಅಂದರೆ ತಣ್ಣೀರು ಬೆರೆಸದೆ ಮೈಮೇಲೆ ಹಾಕಿಕೊಳ್ಳಲು ಆಗಬಾರದು.

ಈ ಸಲದ ದೀಪಾವಳಿ, ನೀರು ತುಂಬುವ ಹಬ್ಬದ ಸಂಜೆ, ಅಮ್ಮ ಹಿತ್ತಲಿನ ಹಂಡೆಯನ್ನು ಹುಣಸೆಹಣ್ಣು ಹಾಕಿ ಉಜ್ಜಿ ಕೆಂಪಗೆ ಮಾಡಿದ್ದರು. ಕೊರಳಿಗೆ ಬಳ್ಳಿ ಸುತ್ತಿ, ಸುಣ್ಣ ಕೆಮ್ಮಣ್ಣಿನ ಪಟ್ಟೆ ಬಳಿದು ಪೂಜೆ ಮಾಡಿದರು. ಆಮೇಲೆ ಏನನ್ನಿಸಿತೋ, ಮಂಡಿನೋವಿನಲ್ಲೂ ತಾರಸಿ ಹತ್ತಿ ಹೀಟ್ ಪಂಪಿಗೂ ಅರಿಶಿನ ಕುಂಕುಮ ಇಟ್ಟು, ಬಳ್ಳಿಯ ಒಂದು ತುಂಡನ್ನು ಪೈಪಿಗೆ ಸಿಕ್ಕಿಸಿ ಬಂದರು. ಮಾರನೇ ಬೆಳಿಗ್ಗೆ ನಾಲ್ಕೂವರೆಗೆ ಎಣ್ಣೆಸ್ನಾನ. ತಂಗಿಯ ಮನೆಯವರೆಲ್ಲ ಸೇರಿ ಹನ್ನೊಂದು ಜನ. ಎಂಟನೆಯವರಿಗೆ ಟ್ಯಾಂಕು ಮುಗಿಯಿತು, ಗ್ಯಾಸ್ ಹಚ್ಚಿದೆ, ಸೆಲ್ ಬದಲಾಯಿಸಿದ ಮೇಲೆ ಹೊತ್ತಿತು. ಅಷ್ಟರಲ್ಲಿ ಅಮ್ಮ ಶಿಡ್ಲಘಟ್ಟದ ಕಡೆಯ ನೆಂಟರು ಕೊಟ್ಟಿದ್ದ ಹಿಪ್ಪುನೇರಳೆ ಕಡ್ಡಿಯ ಹೊರೆ ಬಿಚ್ಚಿ ಹಂಡೆಗೆ ಬೆಂಕಿ ಹಾಕಿ ಕೂತಿದ್ದರು, ಕೈಯಲ್ಲಿ ಊದುಗೊಳವೆ. ಹೊಗೆ ನೆಟ್ಟಗೆ ತಾರಸಿಗೆ ಏರುತ್ತಿತ್ತು. ಖಾಲಿ ಟ್ಯಾಂಕು ತುಂಬಲಿ ಅಂತ ನಾನು ಹೀಟ್ ಪಂಪನ್ನು ಆಗ ತಾನೇ ಚಾಲೂ ಮಾಡಿದ್ದೆ, ಅದು ಆ ಹೊಗೆಯನ್ನೇ ಎಳೆದುಕೊಳ್ಳುತ್ತಿತ್ತು.

ಹಬ್ಬದ ಊಟ ಮುಗಿಸಿ ಮೇಲೆ ಹೋಗಿ ಬಾಗಿಲ ಜಾಲರಿ ಬಿಚ್ಚಿದೆ. ಬೆರಳಿಗೆ ಕಪ್ಪಗೆ ಮಸಿ ಅಂಟಿತು. ಬಕೆಟ್ಟಿನಲ್ಲಿ ಸೋಪು ಕಲಸಿ ಹಳೇ ಬ್ರಷ್ಷಿನಿಂದ ಉಜ್ಜುತ್ತ ಕೂತೆ.